ಬತ್ತೀನಿ ಅಂದವಳು

ನಮ್ಮ ನೇಸರ ನಗರದಲ್ಲಿ ಮನುಷ್ಯರಿಗಿಂತ ಅವರ ನೆರಳು ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಶುರುವಿಗೇ ದೆವ್ವದ ಕಥೆ ಹೊಡೆಯುತ್ತಾಳಲ್ಲ ಇವಳು ಎಂದು ಮೂಗು ಮುರಿಯಬೇಡಿ. ನಾನು ಹೇಳುತ್ತಿರುವುದು ಕಂಪ್ಯೂಟರಿನೊಳಗಿನ ನೆರಳಿನ ಮಾತು. ದೆವ್ವದ ವಿಷಯ ಆಮೇಲೆ ಬರುತ್ತದೆ, ಅದು ದೆವ್ವ ಹೌದೋ ಅಲ್ಲವೋ ನೀವೇ ತೀರ್ಮಾನ ಮಾಡಿಕೊಳ್ಳಿ.

ಮದ್ದೂರಿನ ಆಚೆ ಕಬ್ಬಿನ ಗದ್ದೆಗಳಿದ್ದ ಜಾಗದಲ್ಲಿ ಕಟ್ಟಿದ ಪಟ್ಟಣ ನಮ್ಮದು. ನಡುವೆ ಒಂದು ದೊಡ್ಡ ಗಾರ್ಮೆಂಟ್ಸ್ ಫ್ಯಾಕ್ಟರಿ, ಅದರ ಸುತ್ತ ಕೆಲಸದವರ ಮನೆಗಳು, ಅಂಗಡಿ ಬೀದಿ, ಮಕ್ಕಳ ಶಾಲೆ. ಯಾರೂ ಬಸ್ಸಿಗೆ ಕಾಯಬೇಕಿಲ್ಲ, ಎಲ್ಲ ನಡೆದೇ ತಲುಪುವಷ್ಟು ಹತ್ತಿರ. ಬೀದಿಗೆ ಹಾಸಿದ ಕಲ್ಲುಗಳಿಗೆ ತಮ್ಮನ್ನು ತುಳಿದವರು ಯಾರೆಂದು ಗೊತ್ತಾಗುತ್ತದೆ. ಯಾರು ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಯಾವ ತಿರುವಿನಲ್ಲಿ ನಿಂತು ಹರಟುತ್ತಾರೆ, ಇವನ್ನೆಲ್ಲ ಕಂಪ್ಯೂಟರು ಕಲಿತು ಪ್ರತಿಯೊಬ್ಬರಿಗೂ ಒಂದು ನೆರಳು ಮಾಡಿ ಇಟ್ಟುಕೊಂಡಿದೆ. ನೀವು ಫ್ಯಾಕ್ಟರಿ ಬಿಟ್ಟಿರೋ, ನಿಮ್ಮ ನೆರಳು ಆಗಲೇ ಮುಂದಿನ ತಿರುವಿನಲ್ಲಿರುತ್ತದೆ. ಅದಕ್ಕೆ ತಕ್ಕಂತೆ ಬೀದಿ ದೀಪಗಳು ನಿಮಗಿಂತ ಮುಂದೆ ಒಂದೊಂದಾಗಿ ಹತ್ತುತ್ತಾ ನಿಮ್ಮನ್ನು ಮನೆ ಮುಟ್ಟಿಸುತ್ತವೆ. ಯಾರೂ ಇಲ್ಲದ ಬೀದಿಯಲ್ಲಿ ದೀಪ ಉರಿಯುವುದಿಲ್ಲ. ಕರೆಂಟು ಉಳಿಯಿತು, ಹೆಂಗಸರಿಗೆ ಕತ್ತಲೆಯ ಭಯ ತಪ್ಪಿತು ಎಂದು ದೂರ ದೂರದ ದೇಶದವರು ಬಂದು ಹೊಗಳಿ ಹೋದರು.

ನನ್ನ ಹೆಸರು ಮಂಗಳಗೌರಿ. ಈ ನೆರಳುಗಳನ್ನೆಲ್ಲ ನೋಡಿಕೊಳ್ಳುವ ಕಂಟ್ರೋಲ್ ರೂಮಿನಲ್ಲಿ ನನಗೆ ಕೆಲಸ. ಗೋಡೆ ತುಂಬಾ ಊರಿನ ನಕ್ಷೆ, ಅದರ ಮೇಲೆ ಹರಿದಾಡುವ ಹಳದಿ ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬರ ನೆರಳು. ನನ್ನ ದೊಡ್ಡವ್ವನ ಮಗಳು ನಾಗವೇಣಿ ಅದೇ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. "ಗೋಡೆ ನೋಡೋಕೂ ಸಂಬ್ಳ ಕೊಡ್ತಾರೇನೆ ಮಂಗ್ಳಿ?" ಎಂದು ರೇಗಿಸುತ್ತಿದ್ದಳು. ನಾನು ಅವಳನ್ನು ವೇಣಕ್ಕ ಎನ್ನುತ್ತಿದ್ದೆ. ಅಕ್ಕ ಎನ್ನುವುದಕ್ಕೆ ನನಗೆ ಇನ್ನೊಬ್ಬರು ಇರಲಿಲ್ಲ.

ವೇಣಕ್ಕ ಮಾಗಿ ಚಳಿಯ ಒಂದು ಸಂಜೆ ಫ್ಯಾಕ್ಟರಿ ಗೇಟು ದಾಟಿ ಮನೆಗೆ ಬರುವಾಗ ಹೂವಿನ ಅಂಗಡಿಯ ತಿರುವಿನಲ್ಲಿ ಕುಸಿದು ಬಿದ್ದಳು. ಮಂಡ್ಯದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು. ಆ ವಾರವಿಡೀ ಅವಳಿಗೆ ಎರಡೆರಡು ಪಾಳಿ ಬಿದ್ದಿತ್ತು. ಮನೆಗೆ ಬಂದು ಎರಡು ತುತ್ತು ತಿನ್ನುವಷ್ಟರಲ್ಲಿ ಮತ್ತೆ ಕರೆ. "ಮೈಯಾಗೆ ತ್ರಾಣ ಇಲ್ಲ ಕಣೆ" ಎಂದು ನನ್ನ ಹತ್ತಿರವೂ ಹೇಳಿದ್ದಳು.

ಮಣ್ಣು ಮಾಡಿ ಬಂದ ಮೇಲೆ ನಾನು ಕೆಲಸಕ್ಕೆ ಹೋದೆ. ಸಂಜೆಯ ಸೈರನ್ ಆಯಿತು. ಫ್ಯಾಕ್ಟರಿಯಿಂದ ಚುಕ್ಕೆಗಳು ಬುಳುಬುಳನೆ ಹೊರಟವು. ಅವುಗಳ ನಡುವೆ ವೇಣಕ್ಕನ ಚುಕ್ಕೆಯೂ ಹೊರಟಿತು.

ಚುಕ್ಕೆಯ ಮೇಲೆ ಬೆರಳಿಟ್ಟರೆ ಹೆಸರು ಬರುತ್ತದೆ, ಇಟ್ಟೆ. ನಾಗವೇಣಿ, ಕಾಲರ್ ವಿಭಾಗ. ಅದು ಅವಳ ಹಾಗೆಯೇ ಅವಸರವಿಲ್ಲದೆ ನಡೆಯಿತು. ಹೂವಿನ ಅಂಗಡಿಯ ಹತ್ತಿರ ನಿಂತಿತು, ಕನಕಾಂಬರ ಚೌಕಾಶಿ ಮಾಡುವಷ್ಟು ಹೊತ್ತು. ಆಮೇಲೆ ತಿರುಗಿ ದೊಡ್ಡವ್ವನ ಮನೆಯ ಬೀದಿಗೆ ಇಳಿಯಿತು. ನಾನು ಬ್ಯಾಗನ್ನೂ ತೆಗೆದುಕೊಳ್ಳದೆ ಓಡಿದೆ.

ದೊಡ್ಡವ್ವ, ಅಂದರೆ ಸಣ್ಣತಾಯಮ್ಮ, ಬಾಗಿಲಲ್ಲಿ ನಿಂತಿದ್ದಳು. ಬೀದಿಯ ಆ ತುದಿಯಿಂದ ದೀಪಗಳು ಹತ್ತುತ್ತಾ ಬರುತ್ತಿದ್ದವು. ಒಂದು ಹತ್ತಿ, ಮುಂದಿನದು ಹತ್ತಿ, ಹಿಂದಿನದು ಆರಿ. ಕೆಳಗೆ ನರಪಿಳ್ಳೆಯೂ ಇಲ್ಲ. ಕೊನೆಗೆ ದೊಡ್ಡವ್ವನ ಬಾಗಿಲ ಮುಂದಿನ ದೀಪ ಹತ್ತಿ ನಮ್ಮಿಬ್ಬರ ಮುಖದ ಮೇಲೆ ಬೆಳಕು ಬಿತ್ತು. ಒಳಗೆ ಬಚ್ಚಲಲ್ಲಿ, ನೆರಳು ಮನೆ ಮುಟ್ಟಿದಾಗ ಕಂಪ್ಯೂಟರು ಬಿಡುವ ಬಿಸಿನೀರಿನ ನಲ್ಲಿ ತಾನಾಗಿ ಸದ್ದು ಮಾಡಿತು.

"ಬಂದ್ಲು ನೋಡು" ಎಂದಳು ದೊಡ್ಡವ್ವ.

"ದೊಡ್ಡವ್ವ, ಅದು ಮಿಷಿನ್ನು ಕಣೆ. ಎಲ್ಲೋ ತಪ್ಪಾಗೈತೆ."

"ಇರ್ಲಿ ಬುಡು. ನಿನ್ನ ಯಾರೂ ಕೇಳ್ನಿಲ್ಲ." ಅವಳು ಒಳಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕೂತು ತಟ್ಟೆಗೆ ಮುದ್ದೆ ಹಾಕಿ, ಸೊಪ್ಪಿನ ಸಾರು ಬಿಟ್ಟಳು. ಎದುರಿಗೆ ಖಾಲಿ ಮಣೆ. ಆ ತಟ್ಟೆಯನ್ನು ನೋಡಲಾರದೆ ನಾನು ಹೊರಗೆ ಜಗಲಿಯ ಮೇಲೆ ಕೂತೆ. ಒಳಗಿನಿಂದ ದೊಡ್ಡವ್ವ ಮೆಲ್ಲಗೆ ಮಾತಾಡುವುದು ಕೇಳಿಸುತ್ತಿತ್ತು, ಪಕ್ಕದ ಮನೆಯವರ ಜಗಳ, ಹಾಲಿನವನ ನೀರುಹಾಲು, ಇಂಥವೇ.

ಸ್ವಲ್ಪ ಹೊತ್ತಿಗೆ ಬಾಗಿಲ ಮುಂದಿನ ದೀಪ ಆರಿತು. ಅದರಾಚೆಯದು ಹತ್ತಿತು. ಅದರಾಚೆಯದು. ದೀಪಗಳು ಬಂದ ದಾರಿಯಲ್ಲೇ ಫ್ಯಾಕ್ಟರಿಯ ಕಡೆಗೆ ಹೊರಟವು. ದೊಡ್ಡವ್ವ ಬಾಗಿಲಿಗೆ ಬೆನ್ನು ಹಾಕಿದ್ದವಳು ಇದನ್ನು ನೋಡಲಿಲ್ಲ. ನಾನು ನೋಡಿದೆ, ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಮಾರನೆಯ ದಿನವೂ ಹಾಗೇ. ಆಮೇಲೆ ಪ್ರತಿ ಸಂಜೆ ಹಾಗೇ. ಹೂವಿನ ಅಂಗಡಿಯವಳು ಹೆದರಿ ಗಾಡಿಯನ್ನು ಬೇರೆ ಬೀದಿಗೆ ಎಳೆದುಕೊಂಡು ಹೋದಳು. ಎರಡನೇ ಪಾಳಿಯ ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡು ಹೇಳಿದರು: ವೇಣಕ್ಕನ ಹೊಲಿಗೆ ಮಿಷಿನ್ನಿನ ದೀಪ ತಾನಾಗಿ ಹತ್ತುತ್ತದಂತೆ, ಮೇಜಿನ ಮೇಲೆ ಕಾಲರಿನ ಕಟ್ಟು ಬಂದು ಬೀಳುತ್ತದಂತೆ, ಆ ಸೀಟಿನ ಕಡೆ ಯಾರೂ ಮುಖ ಹಾಕುವುದಿಲ್ಲವಂತೆ.

ಯಾಕೆ ಹೀಗೆ ಅನ್ನುವುದು ನನಗೆ ಗೊತ್ತಾದದ್ದು ವಿಚಾರಣೆಯ ದಿನ.

ಅದಕ್ಕೆ ಮುಂಚೆ ಕಾನೂನಿನ ಮಾತು ಸ್ವಲ್ಪ ಹೇಳಬೇಕು. ಕೆಲಸದವರು ತಮ್ಮ ಬಾಯಿಂದ ಒಪ್ಪದೆ ಎರಡನೇ ಪಾಳಿ ಮಾಡಿಸುವಂತಿಲ್ಲ ಎಂದು ಈಚೆಗೆ ಕಾನೂನು ಬಂದಿತ್ತು. ಸಂಘದವರು ಬೀದಿಗಿಳಿದು, ಲಾಠಿ ಏಟು ತಿಂದು ತಂದ ಕಾನೂನು, ಒಳ್ಳೆಯದೇ. ಫ್ಯಾಕ್ಟರಿಯವರು ಅದಕ್ಕೆಂದು ಗೇಟಿಗೆ ಒಂದು ಕಿವಿ ಇಟ್ಟರು. ಮನೆಗೆ ಹೊರಡುವವರು ಗೇಟಿನಲ್ಲಿ ಆಡುವ ಮಾತನ್ನು ಅದು ಕೇಳಿಸಿಕೊಳ್ಳುತ್ತದೆ. ಮತ್ತೆ ಬರುತ್ತೇನೆ ಎಂದವರನ್ನು ಆ ದಿನದ ಎರಡನೇ ಪಾಳಿಗೆ ಒಪ್ಪಿದವರ ಸಾಲಿಗೆ ಸೇರಿಸುತ್ತದೆ. ಏನೂ ಹೇಳದೆ ನಿಂತರೆ ಗೇಟು ತೆರೆಯುವುದಿಲ್ಲ. ಅದಕ್ಕೆ ನಮ್ಮ ಕಡೆಯ ಮಾತೂ ತಿಳಿಯಬೇಕೆಂದು ಊರೂರು ತಿರುಗಿ ದನಿ ಹಿಡಿದು ತಂದು ಕಲಿಸಿದ್ದರು. ಬತ್ತೀನಿ ಅಂದರೆ ಬರುತ್ತೇನೆ ಎಂದು ಕಲಿಸಿದ್ದಕ್ಕೆ ಅವರಿಗೆ ಬಹುಮಾನ ಬೇರೆ ಸಿಕ್ಕಿತಂತೆ. ಬತ್ತೀನಿ ಅಂದರೆ ಹೋಗುತ್ತೇನೆ ಎಂದು ಮಾತ್ರ ಆ ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ.

ನೀವೇ ಹೇಳಿ, ನಮ್ಮಲ್ಲಿ ಯಾರಾದರೂ ಹೊರಡುವಾಗ ಹೋಗುತ್ತೇನೆ ಎನ್ನುತ್ತಾರೆಯೇ? ಅಂದರೆ ಮನೆಯ ಹಿರಿಯರು ಬಾಯಿಗೆ ಹೊಡೆಯುತ್ತಾರೆ. ಹೋಗುತ್ತೇನೆ ಎನ್ನುವುದು ಸಾಯುವವರ ಮಾತು. ಗೇಟಿನಲ್ಲಿ ಕೂರುವ ಸೆಕ್ಯೂರಿಟಿ ಪದ್ದಕ್ಕನಿಗೆ ಒಬ್ಬೊಬ್ಬರೂ "ಬತ್ತೀನಿ ಕಣಕ್ಕ", "ಬರ್ಲಾ ಪದ್ದಕ್ಕ" ಎಂದು ಹೇಳಿಯೇ ಹೊರಡುವುದು. ಇಡೀ ಫ್ಯಾಕ್ಟರಿ ಹೀಗೆ ದಿನಾ ಸಂಜೆ ನಗುನಗುತ್ತಾ ಎರಡನೇ ಪಾಳಿಗೆ ಒಪ್ಪಿಗೆ ಕೊಟ್ಟು ಮನೆಗೆ ಹೋಗುತ್ತಿತ್ತು. ಒಪ್ಪಿದವರು ಕರೆದಾಗ ಬರದಿದ್ದರೆ ಗೈರುಹಾಜರಿ. ಯಾಕೆ ಕರೆಯುತ್ತೀರಿ ಎಂದು ಕೇಳಿದರೆ, ನೀವೇ ಒಪ್ಪಿದ್ದೀರಲ್ಲ ಎಂಬ ಉತ್ತರ. ಯಾವಾಗ ಒಪ್ಪಿದೆವು ಎಂದು ಪಾಪ, ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ವೇಣಕ್ಕನ ಸಾವಿನ ವಿಚಾರಣೆಗೆ ಕಾರ್ಮಿಕ ಇಲಾಖೆಯಿಂದ ತಹಸೀನಾ ಮೇಡಂ ಬಂದರು. ಕೂದಲು ನೆರೆತ, ಮಾತು ಕಡಿಮೆಯ ಹೆಂಗಸು. ಫ್ಯಾಕ್ಟರಿಯ ಪರವಾಗಿ ಮ್ಯಾನೇಜರ್ ಸುದರ್ಶನ್ ಕೂತಿದ್ದರು. "ಆಕೆ ಸ್ವಂತ ಇಚ್ಛೆಯಿಂದ ಬಂದಿದ್ದಾರೆ ಮೇಡಂ. ಕಾನೂನು ಪ್ರಕಾರ ಧ್ವನಿ ಇದೆ" ಎಂದು ಒಂದು ಗುಂಡಿ ಒತ್ತಿದರು.

"ಬತ್ತೀನಿ ಕಣಕ್ಕ."

ವೇಣಕ್ಕನದೇ ದನಿ. ಸುಸ್ತಾಗಿದ್ದರೂ ಕೊನೆಯಲ್ಲಿ ಒಂಚೂರು ನಗು. ನನಗೆ ಕೂತಲ್ಲೇ ಅಳು ಉಕ್ಕಿ ಬಂತು. ಅದು ಅವಳ ಕೊನೆಯ ದಿನದ ಮಾತಂತೆ. ಹಾಗೆಂದು ಹೇಳಿ ಗೇಟು ದಾಟಿ, ತಿರುವಿನಲ್ಲಿ ಬಿದ್ದಳು. ವಿಚಾರಣೆ ಮುಗಿಯುವ ತನಕ ಅವಳಿಗೆ ಸಂಬಂಧಿಸಿದ್ದು ಏನನ್ನೂ ಅಳಿಸುವಂತಿಲ್ಲ, ಆದ್ದರಿಂದ ಅವಳ ನೆರಳೂ ಉಳಿಯಿತು. ಬರುತ್ತೇನೆ ಎಂದವಳು ಇನ್ನೂ ಬಂದಿಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಮುಗಿದಿಲ್ಲ. ಆದ್ದರಿಂದ ಪ್ರತಿ ಸಂಜೆ ನೆರಳು ಮನೆಗೆ ಹೋಗಿ, ಉಂಡು, ಎರಡನೇ ಪಾಳಿಗೆ ಹಿಂದಿರುಗುತ್ತದೆ.

ಇಷ್ಟು ನನ್ನ ತಲೆಗೆ ಹೊಳೆದದ್ದೇ ತಡ, ಎದ್ದು ನಿಂತು ಎಲ್ಲವನ್ನೂ ಒದರಿಬಿಟ್ಟೆ. ಸುದರ್ಶನ್ ನಕ್ಕರು. "ಮೇಡಂ, ನಮ್ಮ ಸಿಸ್ಟಮ್‌ಗೆ ಕನ್ನಡ ಚೆನ್ನಾಗಿ ಬರುತ್ತೆ. ಬೀಳ್ಕೊಡುಗೆ ಯಾವುದು, ಒಪ್ಪಿಗೆ ಯಾವುದು ಅಂತ ಅದಕ್ಕೆ ಗೊತ್ತು. ಆ ನೆರಳು ಓಡಾಡ್ತಿರೋದು ಬರೀ ಅಭ್ಯಾಸದ ಮೇಲೆ. ಆ ಒಂದು ಪದದಿಂದ ಅಂತ ಏನು ಸಾಕ್ಷಿ?"

ತಹಸೀನಾ ಮೇಡಂ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದುಕೊಂಡು ಹೋದರು. ಸಂಜೆ ಗೋಡೆಯ ಮುಂದೆ ನಿಂತು ವೇಣಕ್ಕನ ಚುಕ್ಕೆ ಹೋಗಿ ಬರುವುದನ್ನು ಪೂರ್ತಿ ನೋಡಿದರು. ಆಮೇಲೆ ಕೇಳಿದರು.

"ಇದನ್ನ ನಿಲ್ಲಿಸೋಕೆ ಏನಾದ್ರೂ ದಾರಿ ಇದೆಯೇನಮ್ಮ? ಬೇರೆ ಏನನ್ನೂ ಮುಟ್ಟದೆ, ಬರೀ ಮಾತಿನಿಂದ?"

"ಇದೆ ಮೇಡಂ. ಹೋಗ್ತೀನಿ ಅಂದ್ರೆ ಆ ದಿನದ ಕೆಲಸ ಮುಗೀತು ಅಂತ ಅದು ತಿಳ್ಕೊಳ್ಳತ್ತೆ. ಅವರೇ ಹೇಳ್ಬೇಕು, ಇಲ್ಲಾ ಒಂದೇ ಮನೇಲಿರೋರು ಗೇಟಲ್ಲಿ ಬಂದು ಹೆಸರು ಹೇಳಿ ಹೋಗು ಅನ್ಬೇಕು. ಹುಷಾರಿಲ್ಲದೋರನ್ನ ಮನೆಗೆ ಕಳಿಸೋಕೆ ಅಂತ ಇಟ್ಟಿದ್ದು."

"ಹಾಗಾದ್ರೆ ಒಂದು ಮಾತು ಬದಲಾದ್ರೆ ನೆರಳು ನಿಲ್ಲಬೇಕು. ನಿಂತ್ರೆ ಅದು ನಡೀತಾ ಇದ್ದದ್ದೂ ಮಾತಿನಿಂದಲೇ ಅಂತಾಯ್ತು. ಅಷ್ಟು ಸಾಕು ನನಗೆ, ಗೇಟಿನ ಕಿವಿ ಕಿತ್ತುಹಾಕಿಸ್ತೀನಿ." ಮೇಡಂ ನನ್ನ ಕಡೆ ತಿರುಗಿದರು. "ಮನೇಲಿ ಯಾರಿದಾರೆ?"

ಮನೆಯಲ್ಲಿರುವುದು ದೊಡ್ಡವ್ವ ಒಬ್ಬಳೇ.

ಆ ಮನೆಗೆ ನಾನು ಹೇಗೆ ನಡೆದು ಹೋದೆನೋ ದೇವರಿಗೇ ಗೊತ್ತು. ದೊಡ್ಡವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ವೇಣಿಗೆ ಇಷ್ಟ, ಅದಕ್ಕೆ. ನಾನು ಹೇಳುತ್ತಾ ಹೋದೆ. ಅವಳು ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ.

"ಆಮ್ಯಾಕೆ ದೀಪ ಬರಕಿಲ್ವಾ?"

"ಬರಲ್ಲ ದೊಡ್ಡವ್ವ."

"ಅಂಗಾರೆ ಬ್ಯಾಡ." ಸೊಪ್ಪಿನ ಕಡ್ಡಿಗಳನ್ನು ಮೊರಕ್ಕೆ ಎಸೆದಳು. "ನಿಮ್ಮ ಕಾನೂನು, ಗೇಟು ಎಲ್ಲಾನೂವೆ ನೀವೇ ಇಕ್ಕಳಿ. ಇಪ್ಪತ್ತು ಜನ ಮೇಡಂ ಬಂದ್ರೂವೆ ನನ್ನ ಬಾಯಾಗೆ ಆ ಮಾತು ಬರಕಿಲ್ಲ. ಎತ್ತ ಮಗಳಿಗೆ ಓಗು ಅಂತಾರೇನೆ ಯಾರಾರ? ಸ್ಕೂಲ್‌ಗೆ ಕಳಿಸುವಾಗ್ಲೂ ಓಗ್ಬುಟ್ಟು ಬಾ ಅಂದೋಳು ನಾನು. ಮಣ್ಣು ಮಾಡೋ ದಿನ್ವೂ ಅನ್ನಲಿಲ್ಲ."

"ಮಿಕ್ಕೋರಿಗೂ ಮಕ್ಕಳವ್ರೆ ದೊಡ್ಡವ್ವ. ವೇಣಕ್ಕನಂಗೆ ಇನ್ನೊಬ್ಬಳು ಬಿದ್ರೆ?"

"ಅವ್ರವ್ರ ಮಕ್ಕಳ ಅವ್ರವ್ರು ನೋಡ್ಕತಾರೆ. ನನ್ಗಿರಾದು ಇವ್ಳೊಬ್ಳು. ಸಂಜೆ ಒಂದೀಟೊತ್ತು ಬತ್ತಾಳೆ, ಉಣ್ತಾಳೆ, ತಣ್ಣಗೆ ಮನೀಕತ್ತಾಳೆ. ಅದೂ ನಿಮ್ ಕಣ್ಗೆ ಬೀಳ್ತಾ?"

ಮನೀಕತ್ತಾಳೆ. ಬಂದ ಮಗಳು ಮನೆಯಲ್ಲೇ ಮಲಗುತ್ತಾಳೆ ಎಂದೇ ಅವಳು ತಿಳಿದಿದ್ದಳು. ಬಾಗಿಲಿಗೆ ಬೆನ್ನು ಹಾಕಿ ತಟ್ಟೆಯ ಮುಂದೆ ಕೂತವಳಿಗೆ ಹಿಂದೆ ಏನು ನಡೆಯುತ್ತದೆಂದು ಯಾರೂ ಹೇಳಿರಲಿಲ್ಲ. ಹೇಳಿದರೆ ಅವಳಿಗಿದ್ದ ಅಷ್ಟು ನೆಮ್ಮದಿಯನ್ನೂ ಕಿತ್ತುಕೊಂಡಂತೆ, ಹೇಳದಿದ್ದರೆ ಫ್ಯಾಕ್ಟರಿಯ ಹೆಂಗಸರು ನಾಳೆಯೂ ನಗುತ್ತಾ ಬತ್ತೀನಿ ಎನ್ನುತ್ತಾರೆ.

"ಇವತ್ತು ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತ್ಕೋ ದೊಡ್ಡವ್ವ" ಎಂದಷ್ಟೇ ಹೇಳಿದೆ.

ಕತ್ತಲಾಗುತ್ತಿತ್ತು. ದೀಪಗಳು ಬಂದವು. ಬಾಗಿಲಿನದು ಹತ್ತಿತು, ನಲ್ಲಿ ಸದ್ದಾಯಿತು. ದೊಡ್ಡವ್ವ ತಟ್ಟೆ ಇಟ್ಟು, ನನ್ನ ಮಾತಿನಂತೆ ಈಚೆ ಬಂದು ಕೂತಳು. ಒಂದಷ್ಟು ಹೊತ್ತಾದ ಮೇಲೆ ಬಾಗಿಲ ದೀಪ ಆರಿತು. ಆಚೆಯದು ಹತ್ತಿತು.

ಅವಳು ಎದ್ದು ನಿಂತಳು. "ಎಲ್ಗೆ? ಎಲ್ಗೋಯ್ತಾವಳೆ?"

"ಫ್ಯಾಕ್ಟ್ರಿಗೆ."

"ಈ ವತ್ನಲ್ಲಾ?"

"ಎರಡನೇ ಪಾಳಿಗೆ ದೊಡ್ಡವ್ವ. ದಿನಾ ಓಯ್ತಾಳೆ. ಅವಳ ಮಿಷಿನ್ ದೀಪ ಹತ್ತತದೆ. ಕೆಲಸ ತಂದು ಮುಂದಕ್ಕೆ ಹಾಕ್ತದೆ."

ದೊಡ್ಡವ್ವ ಬರಿಗಾಲಲ್ಲೇ ಬೀದಿಗೆ ಇಳಿದಳು. ದೀಪಗಳ ಹಿಂದೆ ಹಿಂದೆ ಹೋದಳು, ನಾನು ಅವಳ ಹಿಂದೆ. ಅವಳು ಬೇಗ ನಡೆದರೂ ಬೆಳಕು ಒಂದು ಹೆಜ್ಜೆ ಮುಂದೆಯೇ ಇತ್ತು. ಫ್ಯಾಕ್ಟರಿಯ ಕಿಟಕಿಗಳು ಕಾಣುವ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತು, ಒಳಗಿನ ಟ್ಯೂಬ್‌ಲೈಟುಗಳನ್ನೇ ನೋಡಿದಳು. ಅವಳೂ ಚಿಕ್ಕ ವಯಸ್ಸಿನಲ್ಲಿ ಬೇರೊಂದು ಫ್ಯಾಕ್ಟರಿಯಲ್ಲಿ ದಾರ ಕತ್ತರಿಸುವ ಕೆಲಸ ಮಾಡಿದವಳೇ. ನಿಂತೇ ಕೆಲಸ. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲವಂತೆ.

"ಸತ್ ಮ್ಯಾಲೂ ಬುಡಾಕಿಲ್ವಾ ಇವರು?" ಎಂದಳು. ಆಮೇಲೆ ಕೂಗಿದಳು, ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ. "ಅಲ್ಲಾ ಕಣ್ರೋ, ಸತ್ತೋಳ್ನೂ ಕೂರಿಸ್ಕಂಡು ವಲಿಸ್ತಿದ್ದೀರಲ್ರೋ! ನಿಮ್ ಮನೆ ಹಾಳಾಗ!"

ನಾನು ಅವಳನ್ನು ತಬ್ಬಿಕೊಂಡೆ.

"ಯಾವತ್ತು ಬರ್ಬೇಕಂತೆ ಗೇಟ್‌ಗೆ?" ಎಂದು ಕೇಳಿದಳು.

ಮಾರನೆಯ ಸಂಜೆ ತಹಸೀನಾ ಮೇಡಂ ಸುದರ್ಶನ್‌ರನ್ನು ಜೊತೆಗಿಟ್ಟುಕೊಂಡು ಕಂಟ್ರೋಲ್ ರೂಮಿನಲ್ಲಿ ಗೋಡೆಯ ಮುಂದೆ ಕೂತರು. ನಾನು ದೊಡ್ಡವ್ವನ ಜೊತೆ ಗೇಟಿಗೆ ಹೋದೆ. ನನ್ನ ಫೋನಿನಲ್ಲೂ ಅದೇ ನಕ್ಷೆ. ಸೈರನ್ ಆಯಿತು. ಹೆಂಗಸರೆಲ್ಲ ಹೊರಬಂದರು, ಆದರೆ ಯಾರೂ ಗೇಟು ದಾಟಲಿಲ್ಲ. ಸುದ್ದಿ ಅವರಿಗೂ ಮುಟ್ಟಿತ್ತು. ಟಿಫನ್ ಬಾಕ್ಸುಗಳನ್ನು ಎದೆಗವುಚಿಕೊಂಡು ಎರಡೂ ಬದಿ ಸರಿದು ನಡುವೆ ದಾರಿ ಬಿಟ್ಟರು. ಪದ್ದಕ್ಕ ಕುರ್ಚಿಯಿಂದ ಎದ್ದು ನಿಂತಳು.

"ಬಂದವಳೆ ದೊಡ್ಡವ್ವ. ಗೇಟ್ ಒಳಗಡೆ, ನಿನ್ನ ಎದುರಿಗೇ" ಎಂದೆ. ಫೋನಿನಲ್ಲಿ ಚುಕ್ಕೆ ಅಲ್ಲಿ ನಿಂತಿತ್ತು. ಎದುರಿಗೆ ಸಿಮೆಂಟಿನ ನೆಲ ಬಿಟ್ಟರೆ ಏನಿಲ್ಲ. ಆದರೂ ಅಷ್ಟು ಜನರಲ್ಲಿ ಒಬ್ಬರೂ ಆ ಜಾಗದ ಮೇಲೆ ಕಾಲಿಡಲಿಲ್ಲ.

ದೊಡ್ಡವ್ವ ಆ ಖಾಲಿ ಜಾಗವನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೈ ಎತ್ತಿ, ವೇಣಕ್ಕನ ಎತ್ತರಕ್ಕೆ ಸರಿಯಾಗಿ, ಕೂದಲು ಸರಿಮಾಡುವ ಹಾಗೆ ಬೆರಳಾಡಿಸಿದಳು. ಪದ್ದಕ್ಕ ಬಿಕ್ಕಿದಳು.

"ನಾಗವೇಣಿ" ಎಂದಳು ದೊಡ್ಡವ್ವ. ಗೇಟಿನ ಮೇಲೆ ಪುಟ್ಟ ಹಸಿರು ದೀಪ ಮಿನುಗಿತು, ಕೇಳಿಸಿಕೊಳ್ಳುತ್ತಿದ್ದೇನೆ ಎಂಬಂತೆ.

"ಓಗು."

ಅಂದದ್ದೇ ಅವಳ ತುಟಿ ಮತ್ತೆ ತೆರೆಯಿತು. ಇಷ್ಟು ವರ್ಷ ಆ ಮಾತಿನ ಬೆನ್ನಿಗೇ ಬಂದ ಇನ್ನೊಂದು ಮಾತು ತಾನಾಗಿ ಬಾಯಿಗೆ ಬರುತ್ತಿತ್ತು. ಅದು ನನಗೂ ಕಂಡಿತು, ಅವಳಿಗೂ ತಿಳಿಯಿತು. ಅದೊಂದು ಮಾತು ಬಿದ್ದರೆ ನೆರಳು ಮತ್ತೆ ಹೊರಡುತ್ತದೆ. ದೊಡ್ಡವ್ವ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದಳು. ಗಂಟಲಿನಿಂದ ಸದ್ದು ಬರುತ್ತಿತ್ತು, ಮಾತಾಗಲು ಬಿಡಲಿಲ್ಲ. ಕಣ್ಣು ಮಾತ್ರ ಆ ಜಾಗದಿಂದ ಕದಲಲಿಲ್ಲ.

ಚುಕ್ಕೆ ಒಂದು ಕ್ಷಣ ಅಲ್ಲೇ ಇತ್ತು. ಗೇಟು ತನ್ನಷ್ಟಕ್ಕೆ ತೆರೆದುಕೊಂಡಿತು. ನನ್ನ ಫೋನಿನಲ್ಲಿ ಚುಕ್ಕೆ ಮಸುಕಾಗಿ, ಇಲ್ಲವಾಯಿತು.

ಮೇಡಂ ಫೋನ್ ಮಾಡಿದರು. "ನಿಂತುಹೋಯಿತಮ್ಮ. ಸುದರ್ಶನ್ ಅವರೂ ನೋಡಿದ್ರು. ಇವತ್ತಿನಿಂದಲೇ ಗೇಟಿನ ಕಿವಿ ಬಂದ್." ನಾನು ಹೆಂಗಸರಿಗೆ ಕೂಗಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಸಿರು ದೀಪ ಆರುವ ತನಕ ಕಾದು, ಒಬ್ಬೊಬ್ಬರಾಗಿ ದೊಡ್ಡವ್ವನ ಕೈ ಮುಟ್ಟಿ, ಪದ್ದಕ್ಕನಿಗೆ ಎಂದಿನಂತೆ ಬತ್ತೀನಿ ಎಂದು ಹೇಳಿ ಮನೆಗೆ ಹೊರಟರು. ಆ ಸಂಜೆ ಅವರನ್ನು ಯಾರೂ ವಾಪಸ್ ಕರೆಯಲಿಲ್ಲ.

ನಾವಿಬ್ಬರೂ ಕೊನೆಗೆ ಹೊರಟೆವು. ದೊಡ್ಡವ್ವ ಸೆರಗನ್ನು ಬಾಯಿಂದ ತೆಗೆದಿರಲಿಲ್ಲ. ಗೇಟು ಮರೆಯಾಗುವ ತಿರುವಿನಲ್ಲಿ ನಿಂತು ನನ್ನ ರಟ್ಟೆ ಹಿಡಿದಳು. ಬಾಯಿಂದ ಸೆರಗು ತೆಗೆದು ಕೇಳಿದಳು.

"ಇಲ್ಲಿ ಅಂದ್ರೆ ಅದ್ಕೆ ಕೇಳ್ತದಾ?"

"ಇಲ್ಲ ದೊಡ್ಡವ್ವ. ಅದರ ಕಿವಿ ಮುಚ್ಚಿದ್ರು. ಇನ್ನೆಲ್ಲಿ ಅಂದ್ರೂ ಕೇಳಲ್ಲ."

ಅವಳು ಬಂದ ದಾರಿಯ ಕಡೆಗೆ ತಿರುಗಿದಳು.

"ಬಾ ಮಗಾ" ಎಂದಳು.